ಸೀಸನ್ ಶುರು ಮಾಡಬಹುದೇ? ಸಾಂಕ್ರಾಮಿಕ ಮತ್ತು ಕಾಲೇಜು ಕ್ರೀಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಂಕ್ರಾಮಿಕ ರೋಗ ಹಬ್ಬಿರುವಾಗ ಕಾಲೇಜು ತಂಡಗಳು ಆಡಬಹುದೇ ಎಂದು ಕೇಳಿದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. 2020–21ರ ಕೋವಿಡ್ ಕಾಲದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಇದನ್ನು ಭಾರೀ ಪ್ರಮಾಣದಲ್ಲಿ ಮಾಡಿ ನೋಡಿದವು. ಕೆಲವು ಆಡಿದವು, ಕೆಲವು ಆಡಲಿಲ್ಲ, ಇನ್ನು ಕೆಲವು ‘ಆಡುವುದಿಲ್ಲ’ ಎಂದು ಹೇಳಿ ಆಮೇಲೆ ಆಡಿದವು. ಆದ್ದರಿಂದ ಉತ್ತರಗಳಲ್ಲಿ ಅಲ್ಲಿಯ ಅನುಭವವೇ ಹೆಚ್ಚಾಗಿದೆ. ನಮ್ಮ ಕಾಲೇಜುಗಳಿಗೆ ಹೊಂದುವ ಕಡೆ ಅದನ್ನೂ ಹೇಳಿದ್ದೇವೆ.

ಪ್ರಶ್ನೆ: ಅದೇ ದೇಶ, ಅದೇ ವೈರಸ್. ಆದರೂ 2020ರಲ್ಲಿ ಅಮೆರಿಕದ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ತೀರ್ಮಾನ ಮಾಡಿದ್ದೇಕೆ? ಕೊನೆಗೆ ಯಾರು ಮಾಡಿದ್ದು ಸರಿ?
— ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ತೀರ್ಮಾನ ಮಾಡುವ ಅಧಿಕಾರ ಒಬ್ಬರ ಕೈಯಲ್ಲಿ ಇರಲಿಲ್ಲ. ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ 2020ರ ಮಾರ್ಚ್ 12ರಂದು ಬ್ಯಾಸ್ಕೆಟ್‌ಬಾಲ್ ಸೇರಿದಂತೆ ಆ ವರ್ಷದ ಚಳಿಗಾಲ ಮತ್ತು ವಸಂತದ ಎಲ್ಲ ಚಾಂಪಿಯನ್‌ಶಿಪ್‌ಗಳನ್ನೂ ರದ್ದು ಮಾಡಿತು. ಆದರೆ ಮೇಲ್ಮಟ್ಟದ ಫುಟ್‌ಬಾಲ್ (ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್) ಸೀಸನ್ ನಡೆಸುವವರು ‘ಕಾನ್ಫರೆನ್ಸ್’ ಎಂಬ ವಿಶ್ವವಿದ್ಯಾಲಯಗಳ ಕೂಟಗಳು. ವೇಳಾಪಟ್ಟಿ ಅವರದು, ಟಿವಿ ಒಪ್ಪಂದ ಅವರದು, ಹಾಗಾಗಿ ತೀರ್ಮಾನವೂ ಅವರದೇ.

ಹಾರ್ವರ್ಡ್, ಪ್ರಿನ್ಸ್‌ಟನ್ ಮುಂತಾದವು ಇರುವ ಐವಿ ಲೀಗ್ ಜುಲೈ 8ರಂದೇ ಶರತ್ಕಾಲದ ಆಟಗಳನ್ನು ಕೈಬಿಟ್ಟಿತು. ಬಿಗ್ ಟೆನ್ ಮತ್ತು ಪ್ಯಾಕ್-12 ಕೂಟಗಳು ಆಗಸ್ಟ್ 11ರಂದು ಮುಂದೂಡಿದವು. ದೊಡ್ಡ ಕೂಟಗಳ ಪೈಕಿ ದಕ್ಷಿಣದ ಎಸ್‌ಇಸಿ, ಪೂರ್ವದ ಎಸಿಸಿ ಮತ್ತು ಬಿಗ್ 12 ಮಾತ್ರ ಹಿಂದೆ ಸರಿಯಲಿಲ್ಲ. ಎಸ್‌ಇಸಿ ಸೆಪ್ಟೆಂಬರ್ 26ಕ್ಕೆ ಆಟ ಶುರು ಮಾಡಿತು. ಆ ಹೊತ್ತಿಗೆ ಬಿಗ್ ಟೆನ್ ಮನಸ್ಸು ಬದಲಿಸಿತ್ತು. ಆಟಗಾರರು, ಪಾಲಕರು, ರಾಜಕಾರಣಿಗಳ ಒತ್ತಡ ಇದ್ದದ್ದು ನಿಜ. ಅದರ ಜೊತೆಗೆ, ಆಗಸ್ಟ್‌ನಲ್ಲಿ ಕೈಗೆ ಸಿಗದಿದ್ದ ದಿನನಿತ್ಯದ ರಾಪಿಡ್ ಟೆಸ್ಟ್ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. ಸೆಪ್ಟೆಂಬರ್ 16ರಂದು ಮರುತೀರ್ಮಾನ ಪ್ರಕಟಿಸಿ ಅಕ್ಟೋಬರ್ ಕೊನೆಯ ವಾರಗಳಲ್ಲಿ ಆಟಕ್ಕಿಳಿಯಿತು.

ಇದರಲ್ಲಿ ದುಡ್ಡಿನ ಪಾಲು ದೊಡ್ಡದು. ಬ್ಯಾಸ್ಕೆಟ್‌ಬಾಲ್ ಟೂರ್ನಿ ರದ್ದಾದ ಆ ಒಂದೇ ಪೆಟ್ಟಿಗೆ ಎನ್‌ಸಿಎಎ ತನ್ನ ಸದಸ್ಯರಿಗೆ ಹಂಚಬೇಕಿದ್ದ 60 ಕೋಟಿ ಡಾಲರ್ 22.5 ಕೋಟಿಗೆ ಇಳಿದಿತ್ತು. ಫುಟ್‌ಬಾಲ್ ಟಿವಿ ಹಣವೂ ಹೋದರೆ ಈಜು, ಕುಸ್ತಿ, ಟೆನಿಸ್ ತಂಡಗಳ ಖರ್ಚು ಕೊಡುವವರೇ ಇರುತ್ತಿರಲಿಲ್ಲ. ಐವಿ ಲೀಗ್ ಆ ಹಣವನ್ನು ನೆಚ್ಚಿಕೊಂಡಿರಲಿಲ್ಲ, ಅದಕ್ಕೇ ಬೇಗ ‘ಬೇಡ’ ಎನ್ನಲು ಅದಕ್ಕೆ ಸಾಧ್ಯವಾಯಿತು.

ಯಾರು ಸರಿ ಎಂಬುದಕ್ಕೆ ನಮ್ಮ ಉತ್ತರ ಇಷ್ಟು: ಯಾವಾಗ ನಿಲ್ಲಿಸುತ್ತೇವೆ ಎಂಬುದನ್ನು ಮೊದಲೇ ಅಂಕಿಯಲ್ಲಿ ಬರೆದಿಟ್ಟವರಿಗೆ ಮಾತ್ರ ಶುರು ಮಾಡುವ ಹಕ್ಕಿತ್ತು. ಬಿಗ್ ಟೆನ್ ಬರೆದ ನಿಯಮ ನೋಡಿ. ಏಳು ದಿನಗಳ ಸರಾಸರಿಯಲ್ಲಿ ತಂಡದ ಟೆಸ್ಟ್‌ಗಳ ಪೈಕಿ ಪಾಸಿಟಿವ್ ಪ್ರಮಾಣ ಶೇ 2ರೊಳಗಿದ್ದರೆ ಹಸಿರು, 5ರವರೆಗೆ ಕಿತ್ತಳೆ, ಮೀರಿದರೆ ಕೆಂಪು. ಆಟಗಾರರು, ಕೋಚ್‌ಗಳು, ಸಿಬ್ಬಂದಿ ಎಲ್ಲರನ್ನೂ ಸೇರಿಸಿ ಎಷ್ಟು ಮಂದಿಗೆ ಸೋಂಕು ಎಂಬುದಕ್ಕೆ ಇನ್ನೊಂದು ಅಳತೆ: ಶೇ 3.5ರವರೆಗೆ ಹಸಿರು, 7.5 ದಾಟಿದರೆ ಕೆಂಪು. ಎರಡೂ ಕೆಂಪಾದರೆ ಕನಿಷ್ಠ ಏಳು ದಿನ ಅಭ್ಯಾಸವೂ ಇಲ್ಲ, ಪಂದ್ಯವೂ ಇಲ್ಲ. ಕೋಚ್ ಗೋಗರೆದರೂ ಲೆಕ್ಕ ಬದಲಾಗುವುದಿಲ್ಲ.

ಆದರೆ ಇದೇ ಬಿಗ್ ಟೆನ್ ವೇಳಾಪಟ್ಟಿಯಲ್ಲಿ ಎಡವಿತು. ತಡವಾಗಿ ಶುರು ಮಾಡಿದ್ದರಿಂದ ಎಂಟು ವಾರಕ್ಕೆ ಎಂಟು ಪಂದ್ಯ ತುರುಕಿತು, ನಡುವೆ ಒಂದು ವಾರವೂ ಖಾಲಿ ಇರಲಿಲ್ಲ. ಒಂದು ತಂಡ ನಿಂತರೆ ಆ ಪಂದ್ಯ ಹೋದಂತೆಯೇ. 1918ರಿಂದ ಒಂದು ವರ್ಷವೂ ತಪ್ಪದ ಮಿಷಿಗನ್–ಒಹಾಯೊ ಸ್ಟೇಟ್ ಪಂದ್ಯ ಹೀಗೇ ರದ್ದಾಯಿತು. ಒಹಾಯೊ ಸ್ಟೇಟ್‌ಗೆ ಲೀಗ್‌ನಲ್ಲಿ ಸಿಕ್ಕಿದ್ದು ಐದೇ ಪಂದ್ಯ. ಕೂಟದ ಫೈನಲ್‌ಗೆ ಆರು ಪಂದ್ಯ ಬೇಕೆಂಬ ನಿಯಮವನ್ನೇ ಡಿಸೆಂಬರ್‌ನಲ್ಲಿ ಬದಲಿಸಬೇಕಾಯಿತು. ಎಸ್‌ಇಸಿ ಹತ್ತು ಪಂದ್ಯಗಳ ನಡುವೆ ಪ್ರತಿ ತಂಡಕ್ಕೂ ಬಿಡುವಿನ ವಾರ ಕೊಟ್ಟು, ಡಿಸೆಂಬರ್ 12ನ್ನು ಎಲ್ಲರಿಗೂ ಖಾಲಿ ಇಟ್ಟಿತ್ತು. ಅಕ್ಟೋಬರ್‌ನಲ್ಲಿ ತಪ್ಪಿದ ಫ್ಲೋರಿಡಾ–ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್) ಪಂದ್ಯವನ್ನು ಆ ದಿನ ಆಡಿಸಿತು. 2021ರ ಜನವರಿ 11ರ ರಾಷ್ಟ್ರೀಯ ಫೈನಲ್‌ನಲ್ಲಿ ಎಸ್‌ಇಸಿಯ ಅಲಬಾಮ 52–24ರಿಂದ ಗೆದ್ದಾಗ ಅದು ಅವರ 13ನೇ ಪಂದ್ಯ, ಎದುರಾಳಿ ಒಹಾಯೊ ಸ್ಟೇಟ್‌ಗೆ ಎಂಟನೆಯದು.

ಇನ್ನೊಂದು ವಿಷಯ ಇಂದಿಗೂ ಕಸಿವಿಸಿ ಉಂಟುಮಾಡುತ್ತದೆ. ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ ಆಗಸ್ಟ್ 10ರಂದು ತರಗತಿ ತೆರೆಯಿತು. ಒಂದೇ ವಾರದಲ್ಲಿ 130 ವಿದ್ಯಾರ್ಥಿಗಳಿಗೆ ಸೋಂಕು ತಗುಲಿ ಪದವಿ ಪಾಠವೆಲ್ಲ ಆನ್‌ಲೈನ್‌ಗೆ ಹೋಯಿತು. ಫುಟ್‌ಬಾಲ್ ತಂಡ ಮಾತ್ರ ಆಡಿತು. ಪಾಠಕ್ಕೆ ಸುರಕ್ಷಿತವಲ್ಲದ ಕ್ಯಾಂಪಸ್ಸು ಸಂಬಳವಿಲ್ಲದೆ ಆಡುತ್ತಿದ್ದ ಹುಡುಗರಿಗೆ ಹೇಗೆ ಸುರಕ್ಷಿತ ಎಂದು ಕೇಳಿದವರಿಗೆ ಸಮಾಧಾನಕರ ಉತ್ತರ ಯಾರೂ ಕೊಡಲಿಲ್ಲ.

ಪ್ರಶ್ನೆ: ಪಂದ್ಯದ ಹಿಂದಿನ ದಿನ ಎಲ್ಲರಿಗೂ ಒಮ್ಮೆ ಆರ್‌ಟಿ-ಪಿಸಿಆರ್ ಮಾಡಿಸಿದರೆ ಸಾಲದೇ? ದಿನಾ ಆಂಟಿಜೆನ್ ಟೆಸ್ಟ್ ಮಾಡಿದರೆ ಸುಳ್ಳು ಪಾಸಿಟಿವ್ ಬರುತ್ತವಲ್ಲ?
— ಲ್ಯಾಬ್ ಟೆಕ್ನಿಷಿಯನ್, ಮೈಸೂರು

ಉತ್ತರ: ಸಾಲದು. 2020ರ ತಳಿಗಳಲ್ಲಿ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಸರಾಸರಿ ಐದು ದಿನ, ಕೆಲವರಲ್ಲಿ ಹದಿನಾಲ್ಕು ದಿನದವರೆಗೂ ಹಿಡಿಯುತ್ತಿತ್ತು. ಮೊದಲ ಒಂದೆರಡು ದಿನ ಮೂಗಿನಲ್ಲಿ ವೈರಸ್ ಪಿಸಿಆರ್‌ಗೂ ಸಿಗದಷ್ಟು ಕಡಿಮೆ. ಬುಧವಾರ ಸೋಂಕು ತಗುಲಿಸಿಕೊಂಡವನು ಶುಕ್ರವಾರ ನೆಗೆಟಿವ್ ಬಂದು, ಶನಿವಾರ ಆಡಿ, ಭಾನುವಾರ ರೂಮಿನವರಿಗೆಲ್ಲ ಹಂಚಬಹುದು. ಫಲಿತಾಂಶ ತಡವಾದರಂತೂ ಟೆಸ್ಟ್ ಮಾಡಿಯೂ ಪ್ರಯೋಜನವಿಲ್ಲ: ಸೋಮವಾರದ ಸ್ವಾಬ್‌ನ ವರದಿ ಗುರುವಾರ ಬಂದರೆ ನಡುವಿನ ಮೂರು ದಿನ ಅವನು ಅಭ್ಯಾಸದಲ್ಲೇ ಇರುತ್ತಾನೆ.

ಎನ್‌ಸಿಎಎ 2020ರ ಜುಲೈನಲ್ಲಿ ಹೇಳಿದ್ದು, ಮೈ ತಾಗುವ ಆಟಗಳಲ್ಲಿ ಪಂದ್ಯಕ್ಕೆ ಮುಂಚಿನ 72 ಗಂಟೆಯೊಳಗೆ ಟೆಸ್ಟ್ ಆಗಿರಬೇಕು ಎಂದು. ಅದು ಕನಿಷ್ಠ ಮಿತಿ. ಎಸ್‌ಇಸಿ, ಎಸಿಸಿ, ಬಿಗ್ 12 ವಾರಕ್ಕೆ ಮೂರು ಸಲ ಮಾಡಿದವು. ಬಿಗ್ ಟೆನ್ ಪ್ರತಿದಿನ ಅಭ್ಯಾಸಕ್ಕೆ ಇಳಿಯುವ ಮುಂಚೆಯೇ ರಾಪಿಡ್ ಆಂಟಿಜೆನ್ ಮಾಡಿತು. ಆಂಟಿಜೆನ್ ಟೆಸ್ಟ್ ಅಷ್ಟು ಸೂಕ್ಷ್ಮವಲ್ಲ, ಆದರೆ ಬೇರೆಯವರಿಗೆ ಹರಡುವಷ್ಟು ವೈರಸ್ ಇರುವ ದಿನಗಳಲ್ಲಿ ಹೆಚ್ಚಾಗಿ ಹಿಡಿಯುತ್ತದೆ. ಕಾಲು ಗಂಟೆಯಲ್ಲಿ ಉತ್ತರವೂ ಸಿಗುತ್ತದೆ. ಈ ಕೆಲಸಕ್ಕೆ ಬೇಕಾದ ಗುಣ ಅದೇ.

ಸುಳ್ಳು ಪಾಸಿಟಿವ್ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ, ಲೆಕ್ಕ ಹಾಕೋಣ. ಆಟಗಾರರು 120, ಸಿಬ್ಬಂದಿ 50, ಒಟ್ಟು 170 ಜನ. ಸೋಂಕಿಲ್ಲದವರ ಪೈಕಿ ಶೇ 99.5 ಮಂದಿಗೆ ಟೆಸ್ಟ್ ಸರಿಯಾಗಿ ನೆಗೆಟಿವ್ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆಗಲೂ ದಿನಕ್ಕೆ ಸರಾಸರಿ 0.85, ಅಂದರೆ ವಾರಕ್ಕೆ ಸುಮಾರು ಆರು ಮಂದಿ ಸೋಂಕಿಲ್ಲದೆಯೂ ಪಾಸಿಟಿವ್ ಬರುತ್ತಾರೆ. ತಂಡದಲ್ಲಿ ನಿಜವಾದ ಸೋಂಕು ವಾರಕ್ಕೆ ಒಂದೆರಡೇ ಇದ್ದರೆ, ಪಾಸಿಟಿವ್ ಬಂದವರಲ್ಲಿ ಬಹುಪಾಲು ಸುಳ್ಳೇ. ಆದ್ದರಿಂದ ಕ್ರಮ ಹೀಗಿರಬೇಕು: ಆಂಟಿಜೆನ್ ಪಾಸಿಟಿವ್ ಬಂದ ತಕ್ಷಣ ಅವರನ್ನು ಬೇರೆ ಕೋಣೆಗೆ ಕಳಿಸಿ, ಅದೇ ದಿನ ಬೇರೆ ಸ್ವಾಬ್‌ನಿಂದ ಪಿಸಿಆರ್ ಮಾಡಿಸಿ, ಅದರ ವರದಿ ಬರುವ ತನಕ ಹೊರಗಿಡಿ. ಲ್ಯಾಬಿನ ತಪ್ಪಿಗೆ ಪಿಸಿಆರ್ ಕೂಡ ಹೊರತಲ್ಲ. ಅಲಬಾಮದ ಕೋಚ್ ನಿಕ್ ಸೇಬನ್‌ಗೆ ಅಕ್ಟೋಬರ್‌ನಲ್ಲಿ ಜಾರ್ಜಿಯಾ ಪಂದ್ಯಕ್ಕೆ ಮುಂಚೆ ಪಾಸಿಟಿವ್ ಬಂತು. ಮತ್ತೆ ಮತ್ತೆ ಪಿಸಿಆರ್ ಮಾಡಿ ಎಲ್ಲವೂ ನೆಗೆಟಿವ್ ಆದ ಮೇಲೆ ಮೈದಾನಕ್ಕೆ ಬಂದರು. ನವೆಂಬರ್‌ನಲ್ಲಿ ಬಂದದ್ದು ನಿಜವಾದ ಸೋಂಕು, ಲಕ್ಷಣವೂ ಇತ್ತು, ಆಬರ್ನ್ ವಿರುದ್ಧದ ಪಂದ್ಯವನ್ನು ಮನೆಯಲ್ಲೇ ನೋಡಬೇಕಾಯಿತು.

ಖರ್ಚಿನ ಅಂದಾಜು: 170 ಜನಕ್ಕೆ ವಾರಕ್ಕೆ ಮೂರು ಸಲ ಎಂದರೆ 510 ಟೆಸ್ಟ್, ದಿನಾ ಎಂದರೆ 1,190. ಹನ್ನೆರಡು ವಾರಕ್ಕೆ ಗುಣಿಸಿ ನೋಡಿ. ಇಷ್ಟಕ್ಕೆ ಕಿಟ್, ಕೈ, ದುಡ್ಡು ಇಲ್ಲದ ಸಂಸ್ಥೆ ಮೈ ತಾಗುವ ಆಟದ ಸೀಸನ್ ಮಾತೇ ಎತ್ತಬಾರದು. ಊರಿನ ಆಸ್ಪತ್ರೆಗೇ ಕಿಟ್ ಸಾಲದ ಹೊತ್ತಿನಲ್ಲಿ ಕಾಲೇಜು ತಂಡ ಅದನ್ನು ಕೊಂಡುಕೊಳ್ಳುವುದೂ ತಪ್ಪು.

ಪ್ರಶ್ನೆ: ಇಬ್ಬರಿಗೆ ಸೋಂಕು ಬಂದರೆ ಇಡೀ ಪಂದ್ಯವನ್ನೇ ರದ್ದು ಮಾಡುತ್ತಿದ್ದರು. ಉಳಿದ ನೂರು ಜನ ಇದ್ದರಲ್ಲ, ಆಡಬಹುದಿತ್ತಲ್ಲ?
— ಓದುಗರು, ಹಾಸನ

ಉತ್ತರ: ತಂಡವನ್ನು ಬರಿದು ಮಾಡಿದ್ದು ಹೆಚ್ಚಾಗಿ ಸೋಂಕಿತರಲ್ಲ, ಪ್ರಾಥಮಿಕ ಸಂಪರ್ಕಿತರು. ಆಗಿನ ನಿಯಮದ ಪ್ರಕಾರ ಸೋಂಕಿತನಿಂದ ಆರು ಅಡಿಯೊಳಗೆ, 24 ಗಂಟೆಯಲ್ಲಿ ಒಟ್ಟು 15 ನಿಮಿಷ ಕಳೆದವರೆಲ್ಲ ಸಂಪರ್ಕಿತರು. ಪಾಸಿಟಿವ್ ಬಂದವನಿಗೆ 10 ದಿನ ಐಸೊಲೇಷನ್. ಸಂಪರ್ಕಿತನಿಗೆ ಟೆಸ್ಟ್ ನೆಗೆಟಿವ್ ಬಂದರೂ 14 ದಿನ ಕ್ವಾರಂಟೈನ್, ಏಕೆಂದರೆ ಅವನ ಸೋಂಕು ಹದಿನಾಲ್ಕನೇ ದಿನದವರೆಗೂ ಹೊರಬೀಳಬಹುದು. ಸೋಂಕಿತನಿಗಿಂತ ಸಂಪರ್ಕಿತನಿಗೇ ರಜೆ ಹೆಚ್ಚು! ಡಿಸೆಂಬರ್‌ನಲ್ಲಿ ಇದನ್ನು 10 ದಿನಕ್ಕೆ, ಟೆಸ್ಟ್ ನೆಗೆಟಿವ್ ಇದ್ದರೆ 7 ದಿನಕ್ಕೆ ಇಳಿಸಲು ಅವಕಾಶ ಕೊಟ್ಟರು.

ಸಂಪರ್ಕಿತರು ಒಂದೇ ಗುಂಪಿನವರಾಗಿರುತ್ತಾರೆ ಎಂಬುದೇ ಇನ್ನೂ ದೊಡ್ಡ ತೊಡಕು. ಮುಂಚೂಣಿಯಲ್ಲಿ ತಡೆಯುವ ಆಟಗಾರರು ಒಂದೇ ಕೋಣೆಯಲ್ಲಿ ಕೂತು ವಿಡಿಯೊ ನೋಡುತ್ತಾರೆ, ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಒಬ್ಬನಿಗೆ ಬಂದರೆ ಆ ಸಾಲೇ ಖಾಲಿ. ಅಭ್ಯಾಸವಿಲ್ಲದವನನ್ನು ಆ ಜಾಗಕ್ಕೆ ನಿಲ್ಲಿಸಿದರೆ ಕುತ್ತಿಗೆ, ಮಂಡಿ ಮುರಿಯುವ ಅಪಾಯ. ಅದಕ್ಕೇ ಎಸ್‌ಇಸಿ ನಿಯಮದಲ್ಲಿ ಒಟ್ಟು 53 ಸ್ಕಾಲರ್‌ಶಿಪ್ ಆಟಗಾರರು ಇರಬೇಕು ಎಂಬುದರ ಜೊತೆಗೆ, ಅವರಲ್ಲಿ ಏಳು ಮಂದಿ ಮುಂಚೂಣಿ ತಡೆಗಾರರು, ರಕ್ಷಣಾ ಸಾಲಿನ ನಡುವಿಗೆ ನಾಲ್ವರು, ಒಬ್ಬ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸಿ ಚೆಂಡು ಎಸೆಯುವವನು) ಇರಲೇಬೇಕು ಎಂದಿತ್ತು. ಅದಕ್ಕಿಂತ ಕಡಿಮೆಯಾದರೆ ಆ ತಂಡ ಪಂದ್ಯ ಮುಂದೂಡುವಂತೆ ಕೇಳಬಹುದಿತ್ತು.

ಸೋಂಕು ಎಲ್ಲಿ ಹರಡಿತು ಎಂಬುದಕ್ಕೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಲೆಕ್ಕ ನೆರವಾಗುತ್ತದೆ. 2020ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಸುಮಾರು 11,400 ಜನಕ್ಕೆ 6.23 ಲಕ್ಷ ಪಿಸಿಆರ್ ಮಾಡಿ 329 ಸೋಂಕು ಪತ್ತೆ ಮಾಡಿದರು. ಮೈಮೇಲೆ ಕಟ್ಟಿದ ಸೆನ್ಸರ್‌ಗಳಿಂದ ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರೆಂದು ನೋಡಿದಾಗ, ಹರಡಿದ್ದು ಮೀಟಿಂಗ್ ಕೋಣೆ, ವಾಹನ, ಊಟದ ಜಾಗಗಳಲ್ಲಿ. ಕೆಲವೆಡೆ 15 ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲೇ ತಗುಲಿತ್ತು. ಅಲ್ಲಿಂದ ಮುಂದೆ ಗಡಿಯಾರ ಒಂದನ್ನೇ ನೋಡದೆ, ಮಾಸ್ಕ್ ಇತ್ತೇ, ಗಾಳಿ ಆಡುತ್ತಿತ್ತೇ, ಒಟ್ಟಿಗೆ ಉಂಡರೇ ಎಂದೂ ಕೇಳತೊಡಗಿದರು. ಗಾಳಿಯಾಡದ ಒಳಾಂಗಣದಲ್ಲಾದರೆ ಆಟದಲ್ಲೇ ಹರಡುತ್ತದೆ ಎಂಬ ಶಂಕೆಗೂ ಬಲವಿದೆ: 2020ರ ಜೂನ್‌ನಲ್ಲಿ ಫ್ಲೋರಿಡಾದ ಒಂದು ಹವ್ಯಾಸಿ ಐಸ್ ಹಾಕಿ ಪಂದ್ಯದ ನಂತರ 22 ಆಟಗಾರರಲ್ಲಿ 14 ಮಂದಿ ಕಾಯಿಲೆ ಬಿದ್ದರು.

ಪ್ರಶ್ನೆ: ಮಗ ಕಾಲೇಜಿನಲ್ಲಿ ಓಟಗಾರ. ಕೋವಿಡ್ ಬಂದು ವಾಸಿಯಾದ ಮೇಲೆ ಹೃದಯಕ್ಕೆ ತೊಂದರೆಯಾಗುತ್ತದೆ ಎಂದು ಆಗ ತುಂಬ ಹೆದರಿಸಿದ್ದರು. ಅದರಲ್ಲಿ ನಿಜವೆಷ್ಟು? ಈಗ ಅಂಥ ಸೋಂಕು ಬಂದರೆ ಯಾವಾಗ ಓಡಬಹುದು?
— ತಾಯಿ, ಡಾಲಸ್ (ಮೂಲ: ಶಿರಸಿ)

ಉತ್ತರ: ಅಮ್ಮಾ, ಹೆದರಿಕೆಗೆ ಕಾರಣವಿತ್ತು, ಆದರೆ ಪ್ರಮಾಣ ಮೊದಲು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. 2020ರ ಸೆಪ್ಟೆಂಬರ್‌ನಲ್ಲಿ ಒಹಾಯೊ ಸ್ಟೇಟ್ ವೈದ್ಯರು ಸೋಂಕಿನಿಂದ ಚೇತರಿಸಿಕೊಂಡ 26 ಆಟಗಾರರ ಹೃದಯದ ಎಂಆರ್‌ಐ ಮಾಡಿ, ನಾಲ್ವರಲ್ಲಿ ಹೃದಯ ಸ್ನಾಯುವಿನ ಉರಿಯೂತದ ಗುರುತು ಕಂಡರು. 2021ರಲ್ಲಿ ದೊಡ್ಡ ಲೆಕ್ಕಗಳು ಬಂದವು. ಬಿಗ್ ಟೆನ್‌ನ 1,597 ಮಂದಿಯಲ್ಲಿ 37 ಜನಕ್ಕೆ (ಶೇ 2.3), 42 ಕಾಲೇಜುಗಳ 3,018 ಸೋಂಕಿತರಲ್ಲಿ 21 ಜನಕ್ಕೆ (ಶೇ 0.7) ಹೃದಯದ ತೊಂದರೆ ಕಂಡಿತು. ಎಲ್ಲರಿಗೂ ಎಂಆರ್‌ಐ ಮಾಡಿದರೆ ಹೆಚ್ಚು ಸಿಗುತ್ತದೆ, ಲಕ್ಷಣ ನೋಡಿ ಮಾಡಿದರೆ ಕಡಿಮೆ. ಅಂಕಿಗಳ ವ್ಯತ್ಯಾಸದ ಒಂದು ಕಾರಣ ಅದು.

ಮರಳಿ ಓಡುವ ಕ್ರಮಕ್ಕೆ ಬ್ರಿಟನ್ನಿನ ಕ್ರೀಡಾ ವೈದ್ಯರು 2020ರಲ್ಲಿ ಕೊಟ್ಟ ಮೆಟ್ಟಿಲುಗಳು ಮನೆಯಲ್ಲೂ ಪಾಲಿಸುವಂತಿವೆ. ಮೊದಲು ಕನಿಷ್ಠ 10 ದಿನ ವಿಶ್ರಾಂತಿ, ಅದರಲ್ಲಿ ಕೊನೆಯ 7 ದಿನ ಯಾವ ಲಕ್ಷಣವೂ ಇರಬಾರದು. ಆಮೇಲೆ ಎರಡು ದಿನ, 15 ನಿಮಿಷ ಮೀರದ ನಡಿಗೆ ಅಥವಾ ಹಗುರ ಸೈಕಲ್, ನಾಡಿ ಗರಿಷ್ಠದ ಶೇ 70ರೊಳಗೆ. ಮುಂದೆ ಒಂದು ದಿನ 30 ನಿಮಿಷ, ಒಂದು ದಿನ 45, ಎರಡು ದಿನ 60 ನಿಮಿಷ, ಮೂರರಲ್ಲೂ ನಾಡಿ ಶೇ 80 ದಾಟಕೂಡದು. ಎಲ್ಲ ಸರಿಯಿದ್ದರೆ ಹದಿನೇಳನೇ ದಿನದ ಹೊತ್ತಿಗೆ ಮಾಮೂಲಿ ಅಭ್ಯಾಸ. ಯಾವುದೇ ಮೆಟ್ಟಿಲಲ್ಲಿ ಎದೆನೋವು, ಎದೆಬಡಿತ ಏರುಪೇರು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ಅಲ್ಲೇ ನಿಲ್ಲಿಸಿ ಇಸಿಜಿ, ಟ್ರೊಪೊನಿನ್ ರಕ್ತಪರೀಕ್ಷೆ, ಎಕೊ ಮಾಡಿಸಿ. ಉರಿಯೂತ ಖಚಿತವಾದರೆ ಮೂರರಿಂದ ಆರು ತಿಂಗಳು ಓಟವಿಲ್ಲ. ಇದರಲ್ಲಿ ರಾಜಿ ಬೇಡ. ತಳಿ ಬೇರೆ, ಲಸಿಕೆ ಬೇರೆ ಆಗಿರುವುದರಿಂದ ದಿನಗಳ ಲೆಕ್ಕವನ್ನು ಮಗನ ತಂಡದ ವೈದ್ಯರು ಕಡಿಮೆ ಮಾಡಬಹುದು. ಮೆಟ್ಟಿಲು ಹತ್ತುವ ಕ್ರಮ ಮಾತ್ರ ಅದೇ.

ಪ್ರಶ್ನೆ: ನಮ್ಮಲ್ಲಿ ಅಂತರ ಕಾಲೇಜು ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ನಡೆಯುತ್ತವೆ. ಅಮೆರಿಕದಷ್ಟು ದುಡ್ಡಿಲ್ಲ. ಮತ್ತೆ ಇಂಥ ಕಾಲ ಬಂದರೆ ಯಾವ ಆಟ ಮೊದಲು, ಹೇಗೆ?
— ದೈಹಿಕ ಶಿಕ್ಷಣ ನಿರ್ದೇಶಕರು, ದಾವಣಗೆರೆ

ಉತ್ತರ: ಸರ್, ಆಟಗಳನ್ನು ಮೊದಲು ವಿಂಗಡಿಸಿಕೊಳ್ಳಿ. ಎನ್‌ಸಿಎಎ ಟೆನಿಸ್, ಗಾಲ್ಫ್, ಈಜನ್ನು ಕಡಿಮೆ ಅಪಾಯದ ಸಾಲಿಗೆ, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಕುಸ್ತಿಯನ್ನು ಹೆಚ್ಚಿನ ಅಪಾಯದ ಸಾಲಿಗೆ ಹಾಕಿತ್ತು. ಅದೇ ತಕ್ಕಡಿಯಲ್ಲಿ ನಮ್ಮ ಆಟಗಳನ್ನು ತೂಗಿದರೆ ಎಸೆತ, ಜಿಗಿತ, ಸಮಯಕ್ಕೆ ಓಡುವ ಓಟ ಮೊದಲು. ಬಯಲಿನ ಖೋ-ಖೋ, ಕ್ರಿಕೆಟ್ ಆಮೇಲೆ. ಕಬಡ್ಡಿ ಕಟ್ಟಕಡೆಗೆ. ರೇಡರ್ ಉಸಿರು ಕಟ್ಟಿ ಗಟ್ಟಿಯಾಗಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಏಳು ಜನರ ಮುಖದೆದುರು ಹೋಗುತ್ತಾನೆ, ಹಿಡಿದರೆ ನಾಲ್ಕೈದು ಮಂದಿ ಅವನ ಮೇಲೆ ಬೀಳುತ್ತಾರೆ. ಉಸಿರಿನಿಂದ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲದ ಆಟ ಇನ್ನೊಂದಿಲ್ಲ. ಒಳಾಂಗಣದ ಮ್ಯಾಟ್ ಮೇಲಂತೂ ಬೇಡ.

ಆದರೆ ನಮ್ಮ ಕ್ರೀಡಾಕೂಟಗಳಲ್ಲಿ ನಿಜವಾದ ಅಪಾಯ ಅಂಕಣದ ಹೊರಗಿದೆ. ಹತ್ತು ತಂಡಗಳನ್ನು ಒಂದೇ ಹಾಸ್ಟೆಲಿನಲ್ಲೋ, ತರಗತಿ ಕೋಣೆಗಳಲ್ಲಿ ಜಮಖಾನೆ ಹಾಸಿಯೋ ಮಲಗಿಸುತ್ತೇವೆ. ಒಂದೇ ಮೆಸ್‌ನಲ್ಲಿ ಒಟ್ಟಿಗೆ ಊಟ, ಒಂದೇ ಟೆಂಪೋ ಟ್ರಾವೆಲರ್‌ನಲ್ಲಿ ಗಾಜು ಮುಚ್ಚಿ ನಾಲ್ಕು ಗಂಟೆ ಪ್ರಯಾಣ. ಇದನ್ನು ಬದಲಿಸಲು ದೊಡ್ಡ ದುಡ್ಡು ಬೇಡ. ರಾತ್ರಿ ತಂಗುವ ಕೂಟದ ಬದಲು ಬೆಳಿಗ್ಗೆ ಬಂದು ಸಂಜೆ ಹೋಗುವಂತೆ ಎರಡೇ ಕಾಲೇಜುಗಳ ಪಂದ್ಯ ಇಡಿ. ಹತ್ತಿರದ ನಾಲ್ಕು ಕಾಲೇಜುಗಳು ತಮ್ಮತಮ್ಮಲ್ಲೇ ಆಡಲಿ, ವಲಯ ದಾಟುವುದು ಬೇಡ. ಬಸ್ಸಿನಲ್ಲಿ ಎರಡೂ ಕಡೆಯ ಕಿಟಕಿ ಕನಿಷ್ಠ ಅರ್ಧ ತೆರೆದಿರಲಿ, ಎಲ್ಲರಿಗೂ ಮಾಸ್ಕ್ ಇರಲಿ. ಯಾರು ಯಾವ ಸೀಟಿನಲ್ಲಿ ಕೂತರೆಂದು ಬರೆದಿಟ್ಟು ವಾಪಸ್ ಬರುವಾಗಲೂ ಅದೇ ಸೀಟಿನಲ್ಲಿ ಕೂರಿಸಿ. ಒಬ್ಬನಿಗೆ ಸೋಂಕು ಬಂದರೆ ಆ ಚೀಟಿಯೇ ನಿಮಗೆ ಸಂಪರ್ಕಿತರ ಪಟ್ಟಿ. ಒಂದೇ ರೂಮಿನವರನ್ನು ಒಂದೇ ಅಭ್ಯಾಸದ ಗುಂಪಿನಲ್ಲಿ ಇಡಿ, ಆದರೆ ಒಂದೇ ಸ್ಥಾನದಲ್ಲಿ ಆಡುವವರನ್ನು ಒಂದೇ ರೂಮಿನಲ್ಲಿ ಇಡಬೇಡಿ. ಊಟ ಬಯಲಲ್ಲಿ, ಎದುರುಬದುರು ಕೂರದೆ. ನೀರಿನ ಬಾಟಲಿ ಮೇಲೆ ಹೆಸರು.

ದಿನಾಂಕ ಗೊತ್ತು ಮಾಡುವಾಗ ದೇಹ ತಯಾರಾಗುವ ಅವಧಿ ಮರೆಯಬೇಡಿ. ತಿಂಗಳುಗಟ್ಟಲೆ ಮನೆಯಲ್ಲಿದ್ದವರನ್ನು ನೇರವಾಗಿ ಪಂದ್ಯಕ್ಕಿಳಿಸಿದರೆ ತೊಡೆಯ ಹಿಂಭಾಗದ ಸ್ನಾಯು ಹರಿಯುತ್ತದೆ, ಬಿಸಿಲಿನಲ್ಲಿ ಕುಸಿದು ಬೀಳುತ್ತಾರೆ. ಎನ್‌ಸಿಎಎ ಫುಟ್‌ಬಾಲ್‌ಗೆ ಆರು ವಾರದ ತಯಾರಿ ಗೊತ್ತು ಮಾಡಿತ್ತು. ಅಂದರೆ ‘ಮುಂದಿನ ವಾರದಿಂದ ಟೂರ್ನಿ’ ಎಂಬ ಸುತ್ತೋಲೆ ಬಂದರೆ ದಯವಿಟ್ಟು ಒಪ್ಪಿಕೊಳ್ಳಬೇಡಿ. ಮುಂದೂಡುವುದರಲ್ಲಿ ಅವಮಾನವಿಲ್ಲ. 2020ರಲ್ಲಿ ಭುವನೇಶ್ವರದಲ್ಲಿ ಮೊದಲ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಮುಗಿದದ್ದು ಲಾಕ್‌ಡೌನ್‌ಗೆ ಕೆಲವೇ ವಾರ ಮುಂಚೆ. 2021ಕ್ಕೆ ಆಗಬೇಕಿದ್ದ ಎರಡನೆಯದು 2022ರ ಏಪ್ರಿಲ್–ಮೇನಲ್ಲಿ ಬೆಂಗಳೂರಿನಲ್ಲಿ ಚೆನ್ನಾಗಿಯೇ ನಡೆಯಿತು.

ಪ್ರಶ್ನೆ: ಎಲ್ಲ ತಂಡಗಳನ್ನೂ ಒಂದೇ ಊರಿನಲ್ಲಿ, ಹೊರಗಿನವರ ಸಂಪರ್ಕವಿಲ್ಲದಂತೆ ‘ಬಬಲ್’ ಮಾಡಿ ಇಟ್ಟರೆ ಸಮಸ್ಯೆ ಮುಗಿಯಿತಲ್ಲ?
— ಓದುಗರು, ಉಡುಪಿ

ಉತ್ತರ: ಚಿಕ್ಕ ಟೂರ್ನಿಗೆ ಸರಿ, ಸೀಸನ್‌ಗೆ ಆಗದು. ತಿಂಗಳುಗಟ್ಟಲೆ ಬೀಗ ಹಾಕಿ ಇಟ್ಟರೆ ವಿದ್ಯಾರ್ಥಿ ಎನ್ನುವುದಕ್ಕೆ ಅರ್ಥವಿಲ್ಲ. 2021ರ ಮಾರ್ಚ್‌ನಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್‌ನ 68 ತಂಡಗಳನ್ನು ಇಂಡಿಯಾನಾದಲ್ಲಿ ಇಟ್ಟು ಆಡಿಸಿದರು. ಬರುವ ಮುಂಚೆ ಸತತ ಏಳು ದಿನ ನೆಗೆಟಿವ್ ಬರಬೇಕು, ಬಂದ ಮೇಲೆ ದಿನಾ ಟೆಸ್ಟ್. ಇಷ್ಟಾಗಿಯೂ ವಿಸಿಯು (ವರ್ಜಿನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ) ತಂಡದಲ್ಲಿ ಸೋಂಕು ಕಾಣಿಸಿಕೊಂಡು, ಒರೆಗಾನ್ ವಿರುದ್ಧದ ಪಂದ್ಯಕ್ಕೆ ಕೆಲವೇ ಗಂಟೆ ಮುಂಚೆ ಅವರನ್ನು ಮನೆಗೆ ಕಳಿಸಿದರು. ಒಂದೂ ಪಂದ್ಯ ಆಡಲಿಲ್ಲ.

ಪ್ರಶ್ನೆ: ಭಯದಿಂದ ಆಡದೇ ಇರುವ ವಿದ್ಯಾರ್ಥಿಯ ಸ್ಕಾಲರ್‌ಶಿಪ್ ಗತಿಯೇನು? ‘ಏನಾದರೂ ಆದರೆ ಕಾಲೇಜು ಹೊಣೆಯಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದರೆ?
— ಪಾಲಕರು, ನ್ಯೂ ಜೆರ್ಸಿ

ಉತ್ತರ: 2020ರ ಆಗಸ್ಟ್ 5ರಂದು ಎನ್‌ಸಿಎಎ ಆಡಳಿತ ಮಂಡಳಿ ಎರಡನ್ನೂ ಸ್ಪಷ್ಟಪಡಿಸಿತು. ಕೋವಿಡ್ ಕಾರಣಕ್ಕೆ ಆಡದಿರಲು ತೀರ್ಮಾನಿಸಿದವರ ಸ್ಕಾಲರ್‌ಶಿಪ್ ಅನ್ನು ಕಾಲೇಜು ಉಳಿಸಬೇಕು. ಆಡಬೇಕಾದರೆ ಕಾನೂನು ಹಕ್ಕು ಬಿಟ್ಟುಕೊಡಿ ಎಂದು ಸಹಿ ಹಾಕಿಸುವಂತಿಲ್ಲ. ಅದೇ ತಿಂಗಳು ಶರತ್ಕಾಲದ ಆಟಗಾರರಿಗೆಲ್ಲ, ಆಡಲಿ ಬಿಡಲಿ, ಒಂದು ವರ್ಷ ಹೆಚ್ಚುವರಿ ಅರ್ಹತೆ ಕೊಟ್ಟರು. ವಸಂತದ ಆಟಗಾರರಿಗೆ ಮಾರ್ಚ್ ಕೊನೆಯಲ್ಲೇ ಕೊಟ್ಟಿದ್ದರು. ಇದರಿಂದ ಹಿರಿಯರು ಐದನೇ ವರ್ಷವೂ ಉಳಿದು, ಮುಂದಿನ ಎರಡು ಮೂರು ವರ್ಷ ಹೈಸ್ಕೂಲಿನಿಂದ ಬರುವ ಮಕ್ಕಳಿಗೆ ಜಾಗ ಇಕ್ಕಟ್ಟಾಯಿತು.

ಆ ಕೋವಿಡ್ ನಿಯಮ ಆ ಕಾಲದ್ದು, ಮುಂದೆ ತಾನಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಸಹಿ ಕೇಳಿದ ದಿನವೇ ಕಾಗದದ ಪ್ರತಿ ಪಡೆದುಕೊಳ್ಳಿ. ‘ಅಪಾಯ ನನಗೆ ತಿಳಿದಿದೆ’ ಎಂಬ ವಾಕ್ಯಕ್ಕೂ ‘ಪರಿಹಾರ ಕೇಳುವುದಿಲ್ಲ’ ಎಂಬ ವಾಕ್ಯಕ್ಕೂ ಬಹಳ ಅಂತರವಿದೆ. ಎರಡನೆಯದು ಇದ್ದರೆ ಸಹಿಗೆ ಮುಂಚೆ ವಕೀಲರಿಗೆ ತೋರಿಸಿ. ಸ್ಕಾಲರ್‌ಶಿಪ್ ಮುಂದುವರಿಯುತ್ತದೆ ಎಂಬ ಮಾತನ್ನು ಕೋಚ್‌ನಿಂದಲ್ಲ, ವಿಶ್ವವಿದ್ಯಾಲಯದ ಹಣಕಾಸು ನೆರವಿನ ಕಚೇರಿಯಿಂದ, ಯಾವ ಸೆಮಿಸ್ಟರ್‌ವರೆಗೆ ಎಂಬ ದಿನಾಂಕದೊಂದಿಗೆ ಬರಹದಲ್ಲಿ ತೆಗೆದುಕೊಳ್ಳಿ.